ಮುಖಪುಟದಲ್ಲಿ ಬಿಟ್ಟ ರಂಗೋಲಿ

ಹೋದ ವಾರ ಊಟದ ಮೇಜಿನ ಮೇಲೆ ವೈಟ್ನರ್ ಸೀಸೆ ಉರುಳಿತು. ನಿಮ್ಮಲ್ಲಿ ಚಿಕ್ಕವನು ಹೋಂವರ್ಕ್ ಪುಸ್ತಕದಲ್ಲಿ ತಪ್ಪು ಬರೆದದ್ದನ್ನು ಮುಚ್ಚುತ್ತಿದ್ದ. ಆ ವಾಸನೆ ಅಡುಗೆಮನೆಯವರೆಗೂ ಬಂತು. ನಾನು ಒಲೆಯ ಮೇಲಿದ್ದ ಸಾರನ್ನು ಹಾಗೇ ಬಿಟ್ಟು ಓಡಿ ಬಂದು, ಸೀಸೆ ಕಿತ್ತುಕೊಂಡು ಕಸದ ಬುಟ್ಟಿಗೆ ಎಸೆದೆ. "ಇಂಥದ್ದನ್ನ ಮನೆಯೊಳಗೆ ತರಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ?" ಎಂದು ಕೂಗಿದೆ. ನಿಜವೆಂದರೆ ಅದಕ್ಕೆ ಮೊದಲು ಒಂದು ಸಲವೂ ಹೇಳಿರಲಿಲ್ಲ. "ಅಜ್ಜಿ, ಇಟ್ಸ್ ಜಸ್ಟ್ ವೈಟ್ನರ್!" ಎಂದು ಅವನು ಕಣ್ಣು ತುಂಬಿಕೊಂಡ. ದೊಡ್ಡವಳು ಫೋನಿನಿಂದ ತಲೆ ಎತ್ತಿ ನನ್ನನ್ನೇ ನೋಡಿದಳು. ನನ್ನ ದನಿ ಅಷ್ಟು ಏರಬಲ್ಲದೆಂದು ನಿಮಗಿರಲಿ, ನನಗೇ ಗೊತ್ತಿರಲಿಲ್ಲ.

ನಿಮ್ಮಮ್ಮ ಕೆಲಸದಿಂದ ಬಂದ ಮೇಲೆ ಏನಾಯಿತೆಂದು ಕೇಳಿದಳು. ಹೇಳಲಾಗಲಿಲ್ಲ. ನಾಲ್ಕು ಜನರ ಮುಂದೆ ಬಾಯಿ ತೆರೆಯಬೇಕೆಂದರೆ ನನಗೆ ಇಂದಿಗೂ ನಾಲಿಗೆ ಒಣಗುತ್ತದೆ. ಮಗಳ ಮುಂದೆಯೂ ಹಾಗೇ ಆಯಿತು. ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಬರೆಯಲು ಮಾತ್ರ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ನಿಮ್ಮಮ್ಮ ಓದಿ ಹೇಳಲಿ. ಈ ಅಕ್ಷರಗಳನ್ನು ಅವಳಿಗೆ ತಿದ್ದಿಸಿದವರ ವಿಷಯವೇ ಇದು. ಅವಳಿಗೂ ಅರ್ಧ ಮಾತ್ರ ಗೊತ್ತು.

ಅವರನ್ನು ನಾವೆಲ್ಲ ಮೇಷ್ಟ್ರು ಎನ್ನುತ್ತಿದ್ದೆವು. ನಿಜವಾಗಿ ಅವರು ಯಾವ ಶಾಲೆಯ ಮೇಷ್ಟ್ರೂ ಅಲ್ಲ. ಇಲ್ಲಿ ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಒಂದು ಪ್ರೆಸ್ಸಿನಲ್ಲಿ ಚಿತ್ರ ಬರೆಯುವ ಕೆಲಸಕ್ಕೆಂದು ಗದಗದ ಕಡೆಯಿಂದ ಬಂದವರು. ಬಿಸ್ಕತ್ತಿನ ಹೊದಿಕೆ, ಔಷಧಿ ಡಬ್ಬಿ, ಸೋಪಿನ ಕಾಗದ, ಇವುಗಳ ಮೇಲಿನ ಚಿತ್ರಗಳೆಲ್ಲ ಅವರ ಕೈಯವು. ಆಗಿನ್ನೂ ಕಂಪ್ಯೂಟರಿನಲ್ಲಿ ಬರೆಯುವ ಕಾಲ ಬಂದಿರಲಿಲ್ಲ. ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದಲ್ಲ ಒಂದು ಬಣ್ಣ. ಸೌತ್ ಬಿ ಬಡಾವಣೆಯಲ್ಲಿ ಒಂದೇ ಕೋಣೆಯ ಮನೆ. ಶನಿವಾರ ಮಧ್ಯಾಹ್ನ ಸೌತ್ ಸಿಯವರೆಗೆ ನಡೆದೇ ಬಂದು, ನಮ್ಮ ಕನ್ನಡ ಸಂಘದ ಮಕ್ಕಳಿಗೆ ಅಕ್ಷರವನ್ನೂ ಚಿತ್ರವನ್ನೂ ಹೇಳಿಕೊಡುತ್ತಿದ್ದರು. ಪಾಠ ಮುಗಿದ ಮೇಲೆ ನಿಮ್ಮಮ್ಮನ ಕೈ ಹಿಡಿದು ನಮ್ಮ ಮನೆಗೆ ಬರುವರು. ನಾವು ಕಾಫಿಯವರು, ಅವರಿಗಾಗಿ ಮಾತ್ರ ಚಹಾ ಪುಡಿ ತಂದಿಡುತ್ತಿದ್ದೆ. ನನಗಿಂತ ಹದಿನೈದು ವರ್ಷ ದೊಡ್ಡವರಾದರೂ ನನ್ನನ್ನು ಅಕ್ಕಾರ ಎನ್ನುವರು. ಈ ಊರಿನಲ್ಲಿ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದವರು ಅವರೊಬ್ಬರೇ... ನಿಮ್ಮ ತಾತನೂ ಇಷ್ಟು ಕೇಳಿಸಿಕೊಂಡವರಲ್ಲ.

ಸಂಘದಿಂದ ಪ್ರತಿ ಯುಗಾದಿಗೆ ಒಂದು ಸಂಚಿಕೆ ಬರುತ್ತಿತ್ತು. ಒಳಗೆ ಪದ್ಯಗಳು, ಅಡುಗೆ, ಅಧ್ಯಕ್ಷರ ಮಾತು, ಜಾಹೀರಾತು. ಮೇಷ್ಟ್ರು ಬರುವ ಮೊದಲು ಅದರ ಮುಖಪುಟದಲ್ಲಿ ಒಂದು ತೆಂಗಿನ ಮರ, ಒಂದು ವೀಣೆ, ಇಲ್ಲವೇ ಹೂ ಮುಡಿದು ನಗುವ ಹೆಂಗಸು. ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ. ಮೇಷ್ಟ್ರು ಬಂದ ವರ್ಷ ಮುಖಪುಟದಲ್ಲಿ ಒಂದು ವೀರಗಲ್ಲು ಬಂತು.

ವೀರಗಲ್ಲು ಎಂದರೆ ನಿಮಗೆ ತಿಳಿಯದು. ನಮ್ಮೂರ ಕೆರೆಯ ಏರಿಯ ಮೇಲೆ ಒಂದಿತ್ತು. ಕೆಳಗಿನ ಸಾಲಿನಲ್ಲಿ ವೀರ ಹೋರಾಡಿ ಸಾಯುತ್ತಾನೆ. ನಡುವಿನ ಸಾಲಿನಲ್ಲಿ ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನ ಸಾಲಿನಲ್ಲಿ ಅವನು ಕೈಲಾಸದಲ್ಲಿ ಶಿವನ ಮುಂದೆ ಕೂತಿರುತ್ತಾನೆ. ಮೇಷ್ಟ್ರ ಮುಖಪುಟವೂ ದೂರಕ್ಕೆ ಹಾಗೇ ಕಾಣುತ್ತಿತ್ತು, ಕಲ್ಲಿನ ಬಣ್ಣ, ಕಲ್ಲಿನ ಬಿರುಕು ಸಮೇತ. ಹತ್ತಿರ ಹಿಡಿದು ನೋಡಿದರೆ, ಕೆಳಗೆ ಸಂಘದ ಇಬ್ಬರು ಸದಸ್ಯರು ಕಾರು ನಿಲ್ಲಿಸುವ ಜಾಗಕ್ಕಾಗಿ ಬೀಗದ ಕೈ ಹಿಡಿದು ಹೊಡೆದಾಡುತ್ತಿದ್ದಾರೆ. ನಡುವೆ ಸೋತವನನ್ನು ಇಬ್ಬರು ಹೆಂಗಸರು ಊಟದ ಸಾಲಿಗೆ ಎಳೆದೊಯ್ಯುತ್ತಿದ್ದಾರೆ. ಮೇಲೆ ಅವನು ಬಿಸಿಬೇಳೆ ಬಾತಿನ ತಟ್ಟೆ ಹಿಡಿದು ಅಧ್ಯಕ್ಷರ ಮುಂದೆ ಕೂತಿದ್ದಾನೆ! ಜನ ನಕ್ಕು ನಕ್ಕು ಸಾಕಾದರು. ತಮ್ಮನ್ನು ಶಿವನ ಜಾಗದಲ್ಲಿ ಕೂರಿಸಿದ್ದಾರೆಂದು ಅಧ್ಯಕ್ಷರು ಎಲ್ಲರಿಗಿಂತ ಜೋರಾಗಿ ನಕ್ಕರು. ಜಟೆಯಲ್ಲಿ ಚಂದ್ರನ ಬದಲು ಸಂಘದ ರಬ್ಬರ್ ಸ್ಟಾಂಪ್ ಇದ್ದದ್ದು ಅವರ ಕಣ್ಣಿಗೆ ಬೀಳಲಿಲ್ಲ.

ಮರುವರ್ಷ ಬೇಲೂರಿನ ಗುಡಿಯ ಬಾಗಿಲಲ್ಲಿ ಸಿಂಹದೊಡನೆ ಹೋರಾಡುವ ವೀರ. ಮೇಷ್ಟ್ರ ಚಿತ್ರದಲ್ಲಿ ಸಿಂಹ ನೈರೋಬಿಯ ಪಾರ್ಕಿನ ಬೇಲಿ ಹಾರಿ ಬಂದದ್ದು, ವೀರನ ಕೈಯಲ್ಲಿ ಕತ್ತಿಯ ಬದಲು ಕೊಡೆ, ಸಿಂಹದ ಕೊರಳಲ್ಲಿ ವರ್ಕ್ ಪರ್ಮಿಟ್ ಕಚೇರಿಯ ಗುರುತಿನ ಚೀಟಿ. ಆ ಚೀಟಿಯನ್ನು ಮೊದಲು ಕಂಡುಹಿಡಿದವಳು ನಿಮ್ಮಮ್ಮ. ಪ್ರತಿ ಚಿತ್ರದಲ್ಲೂ ಹೀಗೆ ಏನಾದರೊಂದು ಅಡಗಿರುತ್ತದೆಂದು ಮಕ್ಕಳಿಗೆ ಗೊತ್ತಾಗಿತ್ತು. "ಹುಡುಕ್ರಿ, ಹುಡುಕ್ರಿ" ಎಂದು ಮೇಷ್ಟ್ರು ಆಟ ಆಡಿಸುವರು. ಆ ಚೀಟಿ ನೋಡಿ ದೊಡ್ಡವರು ನಕ್ಕ ನಗುವಿನಲ್ಲಿ ಹೆದರಿಕೆಯೂ ಇತ್ತು. ನಾವೆಲ್ಲ ಪರ್ಮಿಟ್ಟಿನ ಮೇಲೆ ಬದುಕುತ್ತಿದ್ದವರು. ಕಂಪನಿ ಬೇಡವೆಂದ ದಿನ ಪೆಟ್ಟಿಗೆ ಕಟ್ಟಬೇಕು. ಮೇಷ್ಟ್ರ ಪರ್ಮಿಟ್ಟು ಅವರ ಪ್ರೆಸ್ಸಿನ ಕೈಯಲ್ಲಿ. ಪ್ರೆಸ್ಸಿಗೆ ದೊಡ್ಡ ಗಿರಾಕಿ ಒಂದು ಔಷಧಿ ಕಾರ್ಖಾನೆ. ಆ ಕಾರ್ಖಾನೆಯ ಜನರಲ್ ಮ್ಯಾನೇಜರೇ ನಮ್ಮ ಸಂಘದ ಅಧ್ಯಕ್ಷರು. ನಿಮ್ಮ ತಾತ ಅದೇ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಎಂಜಿನಿಯರು. ಇಷ್ಟು ತಿಳಿದುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಮೂರನೇ ವರ್ಷದ ದೀಪಾವಳಿ ಅಧ್ಯಕ್ಷರ ಮನೆಯಲ್ಲಿ. ಸ್ಪ್ರಿಂಗ್ ವ್ಯಾಲಿಯ ದೊಡ್ಡ ಬಂಗಲೆ, ಮುಂದೆ ಸಿಮೆಂಟಿನ ಅಂಗಳ, ಅಂಗಳಕ್ಕೆ ಬಾಗಿದ ಜಕರಂಡಾ ಮರ. ಹಬ್ಬಕ್ಕೆ ಎರಡು ದಿನ ಮೊದಲು ನಾವು ನಾಲ್ಕೈದು ಹೆಂಗಸರು ಅಲ್ಲಿಗೆ ಚಕ್ಕುಲಿ ಮಾಡಲು ಹೋಗಿದ್ದೆವು. ಗೇಟಿನಲ್ಲಿ ಅಸ್ಕರಿ ಎದ್ದು ನಿಂತು "ಸವಾ, ಮಾಮಾ?" ಎಂದು, ಕ್ಷೇಮವೇ ಅಮ್ಮಾ ಎಂದು, ನನ್ನನ್ನು ವಿಚಾರಿಸಿದ. ಯಾವಾಗ ಹೋದರೂ ವಿಚಾರಿಸುತ್ತಿದ್ದ. ಅವನನ್ನು ಎಲ್ಲರೂ ಅಸ್ಕರಿ ಎಂದೇ ಕರೆಯುತ್ತಿದ್ದೆವು, ಕಾವಲಿನವನು ಎಂದು. ಮಧ್ಯಾಹ್ನ ಮಳೆ ಶುರುವಾಯಿತು. ಮರಕ್ಕೆ ಸೀರಿಯಲ್ ಲೈಟು ಕಟ್ಟುವ ಕೆಲಸ ಅರ್ಧಕ್ಕೆ ನಿಂತಿತ್ತು. ಅಡುಗೆಮನೆಯ ಕಿಟಕಿಯಿಂದ ನನಗೆ ಕಾಣುತ್ತಿತ್ತು: ಅವನು ಏಣಿಯ ಬುಡದಲ್ಲಿ ನಿಂತು ಆಕಾಶ ತೋರಿಸುತ್ತಿದ್ದ. ಅಧ್ಯಕ್ಷರು ವರಾಂಡದಿಂದ "ಹರಕಾ, ಹರಕಾ" ಎಂದು ಕೈ ಬೀಸಿದರು. ಬೇಗ, ಬೇಗ ಎಂದು. ಅವನು ಹತ್ತಿದ. ನಾನು ಬಾಣಲೆಯ ಕಡೆ ತಿರುಗಿದೆ. ಆಮೇಲೆ ದೀಪಗಳೆಲ್ಲ ಒಮ್ಮೆಲೇ ಹೋದವು, ಆಮೇಲೆ ಆ ಸದ್ದು...

ಕರೆಂಟು ಹೊಡೆದು ಬಿದ್ದಿದ್ದ. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಉಸಿರಿರಲಿಲ್ಲ. ಯಾರ್ಯಾರೋ ಬಂದರು, ಏನೇನೋ ಬರೆದುಕೊಂಡರು, ಹೋದರು. ಹೆಣವನ್ನು ಮಚಾಕೋಸ್ ಕಡೆಯ ಅವನ ಹಳ್ಳಿಗೆ ಗಾಡಿಯಲ್ಲಿ ಕಳಿಸಿದರು. ಮಾರನೆಯ ಬೆಳಿಗ್ಗೆ ಅದೇ ಕುರ್ಚಿಯಲ್ಲಿ ಬೇರೆ ಅಸ್ಕರಿ ಕೂತಿದ್ದ. ಹಬ್ಬವನ್ನು ಮುಂದಕ್ಕೆ ಹಾಕೋಣವೇ ಎಂದು ಕಮಿಟಿಯಲ್ಲಿ ಯಾರೋ ಒಬ್ಬರು ಮೆಲ್ಲಗೆ ಅಂದರಂತೆ. "ಅವನೇನು ನಮ್ಮ ನೆಂಟನೇನ್ರೀ? ಇನ್ನೂರು ಜನಕ್ಕೆ ಹೇಳಾಗಿದೆ" ಎಂದರಂತೆ ಅಧ್ಯಕ್ಷರು. ಅಲ್ಲಿಗೆ ಮುಗಿಯಿತು. ನಿಮ್ಮ ತಾತನೂ ಆ ಕಮಿಟಿಯಲ್ಲಿದ್ದರು. ಅವರೂ ತಲೆಯಾಡಿಸಿ ಬಂದರು. ಈ ಮಾತನ್ನು ಬರೆಯಬಾರದೆಂದಿದ್ದೆ. ಆದರೂ ಬರೆಯುತ್ತೇನೆ.

ನನ್ನ ತಪ್ಪು ಅದಕ್ಕಿಂತ ದೊಡ್ಡದು. ಹಬ್ಬದ ಸಂಜೆ ಅಧ್ಯಕ್ಷರ ಹೆಂಡತಿ, ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ, ರಂಗೋಲಿ ಪುಡಿಯ ಡಬ್ಬಿ ತಂದು ನನ್ನ ಕೈಗಿಟ್ಟರು. "ನಿಮ್ಮ ಕೈ ರಂಗೋಲಿ ಇಲ್ದೆ ಇದೊಂದು ಹಬ್ಬಾನಾ? ಮೆಟ್ಟಿಲ ಮುಂದೆ ದೊಡ್ಡದಾಗಿ ಬಿಡಿ" ಎಂದರು. ನಮ್ಮ ಕಡೆ ರಂಗೋಲಿ ಬರೆಯುವುದು ಎನ್ನುವುದಿಲ್ಲ, ರಂಗೋಲಿ ಬಿಡುವುದು ಎನ್ನುತ್ತೇವೆ. ಮೆಟ್ಟಿಲ ಮುಂದೆ ಎಂದರೆ ಅವನು ಬಿದ್ದ ಜಾಗವೇ. ಸೋಪು ಹಾಕಿ ತೊಳೆದಿದ್ದರು. ನಾನು ಕುಕ್ಕರುಗಾಲಿನಲ್ಲಿ ಕೂತು ಚುಕ್ಕಿ ಇಟ್ಟೆ. ಇಪ್ಪತ್ತೊಂದು ಚುಕ್ಕಿಯದು. ಒಂದು ಗೆರೆಯೂ ಸೊಟ್ಟಗಾಗಲಿಲ್ಲ. ಅದಕ್ಕೇ ನನಗೆ ಈಗ ಹೆಚ್ಚು ಕೋಪ.

ಮೇಷ್ಟ್ರು ಬಂದು ಪಕ್ಕದಲ್ಲಿ ನಿಂತಿದ್ದು ನೆರಳಿನಿಂದ ಗೊತ್ತಾಯಿತು.

"ಅಕ್ಕಾರ, ನಿಮ್ಮೂರಾಗ ಸತ್ತ ಮನಿ ಮುಂದ ರಂಗೋಲಿ ಹಾಕ್ತಾರೇನ್ರಿ?"

"ಇಲ್ಲ ಮೇಷ್ಟ್ರೇ. ಆ ಮನೆ ಮುಂದೆ ಏನು, ಆ ಬೀದೀಲೇ ಯಾರೂ ಬಿಡಲ್ಲ. ಯಾವ ಜಾತಿಯೋರು ಸತ್ರೂ ಅಷ್ಟೆ. ಹೆಣ ಎತ್ತೋವರೆಗೂ ಒಲೇನೂ ಹಚ್ಚಲ್ಲ."

"ಹಂಗಾದ್ರ ಇದು?"

"ಅಕ್ಕ ಹೇಳಿದ್ರು..."

ಅವರು ಗೇಟಿನ ಕಡೆ ನಡೆದರು. ಊಟಕ್ಕೂ ನಿಲ್ಲಲಿಲ್ಲ. ಮರುದಿನ ಕೆಲಸಕ್ಕೆ ರಜೆ ಹಾಕಿ, ಎರಡು ಮಟಾಟು ವ್ಯಾನು ಬದಲಾಯಿಸಿ, ಆ ಹಳ್ಳಿಯನ್ನು ಹುಡುಕಿಕೊಂಡು ಹೋಗಿ ಬಂದರೆಂದು ಆಮೇಲೆ ತಿಳಿಯಿತು. ನಮ್ಮ ಇನ್ನೂರು ಜನರಲ್ಲಿ ಹೋದವರು ಅವರೊಬ್ಬರೇ.

ಆ ಸಲದ ಯುಗಾದಿ ಸಂಚಿಕೆಗೆ ದೀಪಾವಳಿಯ ವೈಭವವನ್ನೇ ಮುಖಪುಟ ಮಾಡಬೇಕು, ತಮ್ಮ ಮನೆಯನ್ನೇ ಬರೆಯಬೇಕು ಎಂದು ಅಧ್ಯಕ್ಷರು ಕೇಳಿದರು. ಮೇಷ್ಟ್ರು ಆಗಲಿ ಎಂದರು. "ನೋಡು, ಮೇಷ್ಟ್ರೂ ದಾರಿಗೆ ಬಂದ್ರು. ಈ ತಿಂಗಳು ಅವರ ಪರ್ಮಿಟ್ ರಿನ್ಯೂ ಆಗ್ಬೇಕಲ್ಲ" ಎಂದು ನಿಮ್ಮ ತಾತ ನಕ್ಕರು. ಬರೆದ ಚಿತ್ರವನ್ನು ಪ್ರೆಸ್ಸಿಗೆ ಕೊಡುವ ಮೊದಲು ಮೇಷ್ಟ್ರು ಶನಿವಾರದ ಪಾಠದಲ್ಲಿ ಮಕ್ಕಳಿಗೆ ತೋರಿಸಿದ್ದರು. ನಿಮ್ಮಮ್ಮ ಮುಖ ಊದಿಸಿಕೊಂಡು ಮನೆಗೆ ಬಂದಳು. "ಅಮ್ಮ, ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ. ಏನ್ ಅಡಗಿಸಿದ್ದೀರಿ ಅಂತ ಕೇಳಿದ್ರೆ 'ಏನೂ ಇಲ್ಲ' ಅಂದ್ರು. ಎರಡು ಸಲ ಕೇಳಿದೆ. ಎರಡು ಸಲಾನೂ 'ಏನೂ ಇಲ್ಲ, ಸರಿಯಾಗಿ ನೋಡು' ಅಂದ್ರು." ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಬಿಡುಗಡೆಗೆ ಮೂರು ದಿನ ಮೊದಲು ಸಂಚಿಕೆಯ ಕಟ್ಟುಗಳು ಅಧ್ಯಕ್ಷರ ಮನೆಗೆ ಬಂದವು. ನಾವು ಹೆಂಗಸರು ಬೇವು ಬೆಲ್ಲದ ಪೊಟ್ಟಣ ಕಟ್ಟಲು ಅಲ್ಲೇ ಇದ್ದೆವು. ಅಧ್ಯಕ್ಷರೇ ಕಟ್ಟು ಬಿಚ್ಚಿ ಎಲ್ಲರಿಗೂ ಒಂದೊಂದು ಕೊಟ್ಟರು. ಎಂಥ ಚಿತ್ರ! ಮನೆ ಇದ್ದ ಹಾಗೇ ಇತ್ತು. ಜಕರಂಡಾದ ತುಂಬ ದೀಪ, ಮೆಟ್ಟಿಲ ಮೇಲೆ ರೇಷ್ಮೆ ಸೀರೆಯ ಹೆಂಗಸರು, ಬಾಗಿಲಲ್ಲಿ ಕೈ ಮುಗಿದ ಅಧ್ಯಕ್ಷರು. ಎಲ್ಲರೂ ತಮ್ಮ ತಮ್ಮ ಮುಖ ಹುಡುಕುತ್ತಿದ್ದರು. ನಾನು ನನ್ನ ರಂಗೋಲಿ ಹುಡುಕಿದೆ. ಮನುಷ್ಯರಿಗೆ ಇಷ್ಟೇ ಬುದ್ಧಿ. ಅಂಗಳ ತೊಳೆದು ಗುಡಿಸಿದ ಹಾಗೆ ಬರಿದಾಗಿತ್ತು. ಒಂದು ಚುಕ್ಕಿಯೂ ಇಲ್ಲ. ಗೇಟಿನ ಪಕ್ಕ ಖಾಲಿ ಕುರ್ಚಿ.

"ಅಯ್ಯೋ, ಮೇಷ್ಟ್ರು ರಂಗೋಲಿ ಬಿಟ್ಟಿದ್ದಾರೆ!" ಎಂದುಬಿಟ್ಟೆ.

ಬರೆಯದೆ ಬಿಟ್ಟಿದ್ದಾರೆ ಎಂಬ ಅರ್ಥದಲ್ಲಿ. ನನ್ನ ಜಂಬಕ್ಕೆ ಪೆಟ್ಟು ಬಿದ್ದು ಹೊರಟ ಮಾತು ಅದು. ಎಂದೂ ಬಾಯಿ ಬಿಡದವಳು ಅಂದು ಬಿಟ್ಟೆ. ಅಧ್ಯಕ್ಷರು ಅದನ್ನು ರಂಗೋಲಿ ಹಾಕಿದ್ದಾರೆ ಎಂದೇ ತಿಳಿದುಕೊಂಡರು. "ಹೌದಾ? ವೆರಿ ಗುಡ್! ಎಲ್ಲಿ, ಎಲ್ಲಿ?" ಎಂದು ಕನ್ನಡಕ ಏರಿಸಿ ಅಂಗಳದ ಮೇಲೆ ಬೆರಳಾಡಿಸಿದರು. ಮೆಟ್ಟಿಲಿಂದ ಗೇಟಿನವರೆಗೆ, ಗೇಟಿನಿಂದ ಮೆಟ್ಟಿಲವರೆಗೆ. "ಎಲ್ಲಿದೆಯಮ್ಮ? ಕಾಣಿಸ್ತಾ ಇಲ್ವಲ್ಲ?"

ಅಕ್ಕ ತಮ್ಮ ಕೈಯಲ್ಲಿದ್ದ ಪ್ರತಿಯನ್ನು ನೋಡುತ್ತ ಹಾಗೇ ಸೋಫಾದ ಮೇಲೆ ಕೂತುಬಿಟ್ಟರು. ಅವರೂ ಹಳ್ಳಿಯಿಂದ ಬಂದವರೇ. "ಇಲ್ಲ ಕಣ್ರೀ. ಹಾಕೇ ಇಲ್ಲ. ಇಷ್ಟು ದೀಪ ಹಚ್ಚಿ ಬಾಗಿಲಿಗೆ ರಂಗೋಲಿ ಹಾಕಿಲ್ಲ ಅಂದ್ರೆ... ಸೂತಕದ ಮನೆ ಅಂತ" ಎಂದರು. ಆಗಲೇ ನನಗೆ ನನ್ನ ಮಾತು ನೆನಪಾದದ್ದು. ಆ ಬೀದೀಲೇ ಯಾರೂ ಬಿಡಲ್ಲ ಎಂದು ಮೇಷ್ಟ್ರಿಗೆ ಹೇಳಿದವಳು ನಾನೇ ಅಲ್ಲವೇ? ನನ್ನ ರಂಗೋಲಿಯನ್ನು ಆ ಜಾಗದಿಂದ ಅಳಿಸಿ, ನಾನು ಮಾಡಬಾರದಿದ್ದ ಕೆಲಸವನ್ನು ಅವರು ಇಲ್ಲವಾಗಿಸಿದ್ದರು. ಅದನ್ನು ನಾನೇ ಬೆರಳಿಟ್ಟು ತೋರಿಸಿಕೊಟ್ಟೆ.

"ನನ್ನ ಮನೇನ ಸಾವಿನ ಮನೆ ಅಂತ ಬರ್ದಿದ್ದಾನಾ?" ಎಂದರು ಅಧ್ಯಕ್ಷರು. ಅಷ್ಟು ದಿನ 'ಮೇಷ್ಟ್ರು ಬಂದ್ರು' ಆಗಿದ್ದವರು ಒಂದೇ ಗಳಿಗೆಯಲ್ಲಿ 'ಬರ್ದಿದ್ದಾನಾ' ಆದರು.

ಮರುದಿನ ಸಂಜೆ ಅದೇ ಹಾಲಿನಲ್ಲಿ ಕಮಿಟಿ ಸೇರಿತು. ಮೇಷ್ಟ್ರನ್ನು ಕರೆಸಿದರು. ಗಂಡಸರೆಲ್ಲ ಸೋಫಾದಲ್ಲಿ, ಮೇಷ್ಟ್ರು ಬಾಗಿಲ ಬಳಿಯ ಸ್ಟೂಲಿನಲ್ಲಿ. ನಾವು ಹೆಂಗಸರು ಅಡುಗೆಮನೆಯ ಬಾಗಿಲಲ್ಲಿ.

ಅಧ್ಯಕ್ಷರು ಮೊದಲು ನಯವಾಗಿಯೇ ಕೇಳಿದರು. "ಮೇಷ್ಟ್ರೇ, ಮರೆತಿರಿ ಅಲ್ವಾ? ಮರೆತೆ ಅಂದುಬಿಡಿ. ಮುಗೀತು."

"ಮರತಿಲ್ರಿ."

"ಮತ್ತೆ ಏನ್ರೀ ಇದು?"

"ನಾ ಅಲ್ಲೇನೂ ಬರದಿಲ್ರಿ ಸರ. ಬರೀದೇ ಇದ್ದದ್ದಕ್ಕೂ ತಪ್ಪೇನ್ರಿ?"

ಯಾರೋ ಕಿಸಕ್ಕನೆ ನಕ್ಕರು. "ಏನ್ ರೀ ಏನ್ ರೀ ಅಂತ ಕಾಗೆ ಹಾರಿಸ್ಬೇಡಿ" ಎಂದು ಇನ್ನೊಬ್ಬರು ಅವರ ಮಾತನ್ನೇ ಅಣಕಿಸಿದರು. ಅಧ್ಯಕ್ಷರ ದನಿ ಏರಿತು. "ಯಾವನೋ ಒಬ್ಬ ಅಸ್ಕರಿ ಕಾಲು ಜಾರಿ ಬಿದ್ದ ಅಂತ ನನ್ನ ಮನೆಗೆ ಸೂತಕ ಹಾಕ್ತೀರಾ?"

"ಕಾಲು ಜಾರಿಲ್ರಿ. ಮತ್ತ ಅವಗ ಒಂದು ಹೆಸರಿತ್ರಿ" ಎಂದರು ಮೇಷ್ಟ್ರು. ಆ ಹೆಸರನ್ನೂ ಹೇಳಿದರು, ಮಕ್ಕಳಿಗೆ ಅಕ್ಷರ ಹೇಳಿಕೊಡುವ ಹಾಗೆ ನಿಧಾನವಾಗಿ.

"ಈ ಸೂತಕ, ರಂಗೋಲಿ, ಎಲ್ಲ ನಿಮಗೆ ಹೇಳಿಕೊಟ್ಟೋರು ಯಾರು?" ಎಂದು ಅಧ್ಯಕ್ಷರು ಕೇಳಿದರು. ನಾನು ಬಾಗಿಲ ಮರೆಗೆ ಸರಿದೆ. ಮೇಷ್ಟ್ರು ಅಡುಗೆಮನೆಯ ಕಡೆ ಕಣ್ಣನ್ನೂ ಹೊರಳಿಸಲಿಲ್ಲ. "ನಮ್ಮೂರಾಗ ಎಲ್ಲಾರಿಗೂ ಗೊತ್ತೈತ್ರಿ" ಎಂದರು.

ಅಲ್ಲಿ ನಾನು ಒಂದು ಮಾತು ಆಡಬೇಕಿತ್ತು. ನಾನೇ ಹೇಳಿದ್ದು ಎನ್ನಬೇಕಿತ್ತು. ನಮ್ಮೂರಲ್ಲೂ ಹಾಗೇ, ಅಕ್ಕನ ಊರಲ್ಲೂ ಹಾಗೇ, ಇಲ್ಲಿ ಕೂತವರ ತಾಯಂದಿರನ್ನೆಲ್ಲ ಕೇಳಿ ಎನ್ನಬೇಕಿತ್ತು. ಕಿಟಕಿಯಿಂದ ನೋಡಿದ್ದನ್ನು ಹೇಳಬೇಕಿತ್ತು. ಆ ಮನುಷ್ಯ ಆಕಾಶ ತೋರಿಸಿದ್ದನ್ನು, ವರಾಂಡದಿಂದ ಕೈ ಬೀಸಿದ್ದನ್ನು. ಸಂಕೋಚ ಎಂದು ಎಲ್ಲರೂ ನನ್ನನ್ನು ಹೊಗಳುತ್ತಿದ್ದರು. ಮೆತ್ತಗಿನ ಹೆಂಗಸು, ದೊಡ್ಡ ದನಿ ಇಲ್ಲ ಎಂದು. ಆ ಹೊಗಳಿಕೆಯನ್ನು ಹೊದ್ದುಕೊಂಡು ಬಾಗಿಲ ಹಿಂದೆ ನಿಂತಿದ್ದೆ. ಅದು ಸಂಕೋಚವಲ್ಲ ಮಕ್ಕಳೇ. ಅದಕ್ಕೆ ಬೇರೆ ಹೆಸರಿದೆ.

ಮುಖಪುಟವನ್ನು ಮತ್ತೆ ಅಚ್ಚು ಮಾಡಿಸಲು ಸಮಯವಿರಲಿಲ್ಲ. ಯಾರಿಗೋ ಉಪಾಯ ಹೊಳೆಯಿತು. ಶನಿವಾರ ಬೆಳಿಗ್ಗೆ ಕಾರ್ಖಾನೆಯ ಆಫೀಸಿನಿಂದ ಒಂದು ಡಬ್ಬಿ ತುಂಬ ವೈಟ್ನರ್ ಸೀಸೆ ಬಂತು. ಏಳು ಜನ ಹೆಂಗಸರು ಊಟದ ಮೇಜಿನ ಸುತ್ತ ಕೂತೆವು. "ಮೊದಲು ನೀವು ಬಿಡಿ, ನಿಮ್ದು ನೋಡ್ಕೊಂಡು ನಾವು ಬಿಡ್ತೀವಿ" ಎಂದು ಮೊದಲ ಪ್ರತಿಯನ್ನು ನನ್ನ ಮುಂದಿಟ್ಟರು. ಮುಚ್ಚಳಕ್ಕೆ ಅಂಟಿದ ಆ ಸಣ್ಣ ಕುಂಚದಲ್ಲಿ, ಮೆಟ್ಟಿಲ ಮುಂದಿನ ಖಾಲಿ ಜಾಗದಲ್ಲಿ, ನಾನು ಐದು ಚುಕ್ಕಿ ಇಟ್ಟು ಸುತ್ತ ಗೆರೆ ಎಳೆದೆ. ಚೆನ್ನಾಗಿ ಬಂತು. ಎಲ್ಲರೂ ಅದನ್ನೇ ನೋಡಿ ಬರೆದರು. ಮುನ್ನೂರು ಪ್ರತಿ. ಕಿಟಕಿ ತೆರೆದಿದ್ದರೂ ವಾಸನೆಗೆ ತಲೆ ಸುತ್ತುತ್ತಿತ್ತು. ನಿಮ್ಮಮ್ಮನಿಗೆ ಆಗ ಎಂಟು ವರ್ಷ. ನನ್ನ ಪಕ್ಕದಲ್ಲಿ ಕೂತು, ಬೇಗ ಒಣಗಲೆಂದು ಒಂದೊಂದನ್ನೂ ಉಫ್ ಉಫ್ ಎಂದು ಊದುತ್ತಿದ್ದಳು. ಅವಳಿಗೆ ಅದು ಆಟ. ಇದನ್ನು ಓದುವಾಗ ಅವಳ ದನಿ ನಿಂತರೆ, ಸ್ವಲ್ಪ ಹೊತ್ತು ಸುಮ್ಮನಿರಿ. ಅವಳ ತಪ್ಪಲ್ಲವೆಂದು ಹೇಳಿ.

ಭಾನುವಾರ ಬಿಡುಗಡೆ ಚೆನ್ನಾಗಿಯೇ ಆಯಿತು. "ಎಲ್ಲದಕ್ಕಿಂತ ರಂಗೋಲಿ ಎದ್ದು ಕಾಣುತ್ತೆ" ಎಂದರು ಜನ. ಬಿಳುಪು ಉಬ್ಬಿಕೊಂಡಿತ್ತಲ್ಲ, ಕಾಣದೆ ಏನು? ಮನೆಗೆ ಬರುವಾಗ ಕಾರಿನಲ್ಲಿ ನಿಮ್ಮ ತಾತ "ನೀನು ಆವತ್ತು ಬಾಯಿ ಬಿಡದೆ ಇದ್ದಿದ್ದು ಒಳ್ಳೇದಾಯ್ತು" ಎಂದರು. ಒಳ್ಳೆಯ ಮನುಷ್ಯ ಅವರು, ನನ್ನನ್ನು ಚೆನ್ನಾಗಿ ನೋಡಿಕೊಂಡರು, ಅವರು ಹೋದ ಮೇಲೆ ನಾನು ಅತ್ತದ್ದೆಲ್ಲ ನಿಜ. ಆದರೆ ಆ ಒಂದು ಮಾತನ್ನು ನಾನು ಅವರಿಗೆ ಇಂದಿಗೂ ಮಾಫಿ ಮಾಡಿಲ್ಲ. ನಿಮ್ಮ ತಾತ ತೀರಿಕೊಂಡಾಗ ಈ ಫ್ಲಾಟಿನ ಬಾಗಿಲಿಗೆ ಹದಿಮೂರು ದಿನ ರಂಗೋಲಿ ಇರಲಿಲ್ಲ. ಪ್ರತಿ ಬೆಳಿಗ್ಗೆ ಆ ಬರಿಯ ಹೊಸ್ತಿಲು ನೋಡಿದಾಗ ನಾನು ಯಾರನ್ನು ನೆನೆಯುತ್ತಿದ್ದೆನೆಂದು ನಿಮಗೆ ಈಗ ಗೊತ್ತಾಗಿರಬೇಕು.

ಮೇಷ್ಟ್ರ ಪರ್ಮಿಟ್ಟು ರಿನ್ಯೂ ಆಗಲಿಲ್ಲ. ಪ್ರೆಸ್ಸಿನವರು ಕಾರಣ ಹೇಳಲಿಲ್ಲ, ಮೇಷ್ಟ್ರೂ ಕೇಳಲಿಲ್ಲವಂತೆ. ಹೊರಡುವ ಮುಂಚಿನ ಶನಿವಾರ ಪಾಠವಿಲ್ಲದಿದ್ದರೂ ನಮ್ಮ ಮನೆಗೆ ಬಂದರು. ನಿಮ್ಮಮ್ಮನಿಗೆ ತಮ್ಮ ಬಣ್ಣದ ಪೆಟ್ಟಿಗೆ ಕೊಟ್ಟರು. ನಾನು ಚಹಾ ತಂದಿಟ್ಟೆ. ಮೇಜಿನ ಮೇಲೆ ಸಂಚಿಕೆ ಬಿದ್ದಿತ್ತು. ತೆಗೆದಿಡಬೇಕಿತ್ತು, ತೋಚಲಿಲ್ಲ. ಅವರು ಅದನ್ನು ಎತ್ತಿ ಬೆಳಕಿಗೆ ಹಿಡಿದರು. ಹೆಬ್ಬೆರಳಿನಿಂದ ಆ ಉಬ್ಬನ್ನು ಒಮ್ಮೆ ಸವರಿದರು. ಯಾರ ಕೈಯೆಂದು ಗೊತ್ತಾಗದಷ್ಟು ದಡ್ಡರೇ ಅವರು? "ಚಂದ ಬಂದೈತ್ರಿ ಅಕ್ಕಾರ" ಎಂದರು.

ಒಂದು ಸಲ ಬೈದಿದ್ದರೆ ಆಗುತ್ತಿತ್ತು. ಸಂಚಿಕೆಯನ್ನು ಎಸೆದು ಎದ್ದು ಹೋಗಿದ್ದರೂ ಆಗುತ್ತಿತ್ತು. ಚಹಾ ಪೂರ್ತಿ ಕುಡಿದು, ಲೋಟವನ್ನು ತಾವೇ ಒಳಗೆ ತಂದು ತೊಳೆಯಲು ಇಟ್ಟು, ಹೋದರು.

ಅವರು ಗದಗದಲ್ಲಿ ತೀರಿಕೊಂಡ ಸುದ್ದಿ ಬಂದು ಈಗ ಹತ್ತು ದಿನವಾಯಿತು. ಸಂಘದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದರು. ಈಗಿನ ಕಮಿಟಿಯವರಿಗೆ ಅವರನ್ನು ನೋಡಿಯೂ ಗೊತ್ತಿಲ್ಲ. ಹಳೆಯ ಸಂಚಿಕೆಗಳ ರಾಶಿಯಿಂದ ಒಂದು ಮುಖಪುಟ ತೆಗೆದು, ಫೋಟೋ ಹೊಡೆದು, ಕೆಳಗೆ 'ನಮ್ಮ ಸಂಘದ ಹಿರಿಯ ಕಲಾವಿದರಿಗೆ ನಮನ' ಎಂದು ಬರೆದಿದ್ದರು. ಯಾವ ಮುಖಪುಟ ಎಂದು ಹೇಳಬೇಕೆ? ವೀರಗಲ್ಲು ಇರಲಿಲ್ಲವೇ ಅವರಿಗೆ? ಸಿಂಹ ಇರಲಿಲ್ಲವೇ? ರಂಗೋಲಿಯನ್ನು ದೊಡ್ಡದು ಮಾಡಿ ಬೇರೆಯಾಗಿ ಇನ್ನೊಂದು ಚಿತ್ರ ಹಾಕಿದ್ದರು. 'ಎಂಥ ಕೈ! ಎಷ್ಟು ಸೂಕ್ಷ್ಮ!' ಎಂದು ಒಬ್ಬರು. 'ನಮ್ಮ ಸಂಸ್ಕೃತಿಯನ್ನು ಉಳಿಸಿದ ಕಲಾವಿದ' ಎಂದು ಇನ್ನೊಬ್ಬರು. ಕೈ ಮುಗಿದ ಗುರುತುಗಳು ಸಾಲು ಸಾಲು.

ಆ ಗುಂಪಿನಲ್ಲಿ ನಾನು ಎಂದೂ ಏನೂ ಬರೆದವಳಲ್ಲ. ಅಂದು ಅರ್ಧ ಗಂಟೆ ಕೂತು ಒಂದೊಂದೇ ಅಕ್ಷರ ಒತ್ತಿದೆ. 'ಈ ರಂಗೋಲಿ ಮೇಷ್ಟ್ರು ಬರೆದದ್ದಲ್ಲ. ಅವರು ಅಲ್ಲಿ ಏನೂ ಬರೆದಿರಲಿಲ್ಲ. ಇದನ್ನು ಬರೆದವಳು ನಾನು.' ಕಳಿಸಿ, ಫೋನು ಹಿಡಿದೇ ಕಾದೆ. ಒಂದು ನಿಮಿಷದಲ್ಲಿ ಬಂದವು: 'ವಾವ್ ಆಂಟಿ, ನಿಮ್ದಾ ಇದು!' 'ಹಿಡನ್ ಟ್ಯಾಲೆಂಟ್!' 'ಆಂಟಿ, ಈ ಸಲ ದೀಪಾವಳಿ ರಂಗೋಲಿ ನಿಮ್ಮದೇ, ನೋ ಎಕ್ಸ್‌ಕ್ಯೂಸ್.' ಚಪ್ಪಾಳೆಯ ಗುರುತು ಇಪ್ಪತ್ತಮೂರು.

ನನಗೆ ಬಂದ ಸಿಟ್ಟಿಗೆ ಫೋನು ಒಡೆದುಹಾಕಬೇಕೆನಿಸಿತು. ಒಡೆಯಲಿಲ್ಲ. ಎಲ್ಲವನ್ನೂ ಸರಿಯಾಗಿ ಬರೆಯುತ್ತೇನೆ, ಯಾರು ಏನಾದರೂ ಅಂದುಕೊಳ್ಳಲಿ ಎಂದು ಮತ್ತೆ ಕೂತೆ. 'ಆ ಮನೆಯ ಅಂಗಳದಲ್ಲಿ ಹಬ್ಬದ ಮುಂಚೆ ಒಬ್ಬ ಮನುಷ್ಯ ಸತ್ತ. ಅವನ ಹೆಸರು' ಎಂದು ಒತ್ತಿ, ಅಲ್ಲಿ ನಿಂತೆ.

ಮೇಷ್ಟ್ರು ಆ ಹಾಲಿನಲ್ಲಿ ಅಷ್ಟು ನಿಧಾನವಾಗಿ ಹೇಳಿದ್ದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದೆ. ಮ ಅಕ್ಷರದಿಂದ ಶುರುವಾಗುತ್ತಿತ್ತೇ... ಕೊನೆಗೆ ಒ ಎಂದಿತ್ತೇ... ಹಳಬರಿಬ್ಬರಿಗೆ ಫೋನು ಮಾಡಿ ಕೇಳಿದೆ. "ಅಸ್ಕರಿಗೆ ಹೆಸರಾ? ಅದೆಲ್ಲ ಈಗ ಯಾರಿಗೆ ನೆನಪಿರುತ್ತೆ?" ಎಂದರು. ಆ ಹೆಸರು ತಿಳಿದಿದ್ದವರು ನಮ್ಮಲ್ಲಿ ಒಬ್ಬರೇ ಇದ್ದರು. ಬರೆದಷ್ಟು ಹಾಗೇ ಇದೆ, ಕಳಿಸಿಲ್ಲ. ಕೇಳೋಣವೆಂದರೆ ಮೇಷ್ಟ್ರು ಇಲ್ಲ.